ತಡ ಯಾರದು?

ನಮ್ಮ ಬೈಲಹೊಂಗಲ ಸೀಮೆಯ ಹೆಂಗಸರು ತಮ್ಮ ಮೈಯ ಲೆಕ್ಕವನ್ನು ತಾರೀಖಿನಿಂದ ಇಡುವುದಿಲ್ಲ. ಹಬ್ಬ, ಹುಣ್ಣಿಮೆ, ಅಮಾವಾಸ್ಯೆಗಳಿಂದ ಇಡುತ್ತಾರೆ. “ಸೀಗಿ ಹುಣ್ಣಿವಿಗೆ ನೀರ ಹಾಕ್ಕೊಂಡಾಕಿ, ಆಮ್ಯಾಲ ಇಲ್ಲ ನೋಡ್ರಿ” ಎಂದರೆ ಕೇಳುವವಳಿಗೆ ಎಲ್ಲ ತಿಳಿಯಿತು. ಎಳ್ಳಮಾವಾಸ್ಯೆ ಬಂದರೆ ಇಷ್ಟು ತಿಂಗಳು, ಹೋಳಿ ಹುಣ್ಣಿಮೆ ಬಂದರೆ ಇಷ್ಟು ಎಂದು ಬೆರಳು ಮಡಚಿ ಹೇಳುತ್ತಾರೆ. ಡಾಕ್ಟರರ ಲೆಕ್ಕ ಬೇರೆ. ಅವರು ಕಡೆಯ ಮುಟ್ಟಿನ ಮೊದಲ ದಿನದಿಂದ ವಾರಗಳನ್ನು ಎಣಿಸುತ್ತಾರೆ. ಸರಕಾರದ ಕಾನೂನೂ ವಾರಗಳನ್ನೇ ಎಣಿಸುತ್ತದೆ. ಈ ಎರಡು ಲೆಕ್ಕಗಳ ನಡುವೆ ಸಿಕ್ಕಿಬಿದ್ದ ಹೆಣ್ಣುಮಗಳ ಬಗ್ಗೆ ನಾನು ಇಲ್ಲಿ ಬರೆಯಬೇಕೆಂದಿದ್ದೇನೆ.

ವಿಷಯ ಗರ್ಭಪಾತದ್ದು. ನಮ್ಮಲ್ಲಿ ಆ ಹೆಸರನ್ನು ಯಾರೂ ಹೇಳುವುದಿಲ್ಲ. “ತಗಸೂದು” ಎನ್ನುತ್ತಾರೆ, ಅದೂ ದನಿ ತಗ್ಗಿಸಿ, ಅತ್ತಿತ್ತ ನೋಡಿ. ಇಂಥದನ್ನು ಮಕ್ಕಳಿಗೆ ಪಾಠ ಹೇಳುವ ಹೆಂಗಸು ಬರೆಯಬೇಕೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿಯೇ ಒಬ್ಬರು ಕೇಳಿದರು. ಒಡಲಿನ ಮಾತು ಮನೆಯೊಳಗಿನ ಮಾತು ಎಂಬುದು ಅವರ ಅಭಿಪ್ರಾಯ. ನಾನು ಅವರಿಗೆ ಕಿತ್ತೂರನ್ನು ನೆನಪು ಮಾಡಿಕೊಟ್ಟೆ. ಪ್ರತಿವರ್ಷ ಅಕ್ಟೋಬರದಲ್ಲಿ ಕಿತ್ತೂರು ಉತ್ಸವ ಮಾಡುತ್ತೇವೆ. ಹುಡುಗಿಯರಿಗೆ ಕಚ್ಚೆ ಸೀರೆ ಉಡಿಸಿ, ಕೈಯಲ್ಲಿ ಖಡ್ಗ ಕೊಟ್ಟು, ಚೆನ್ನಮ್ಮನ ಪಾತ್ರ ಮಾಡಿಸುತ್ತೇವೆ. ಆದರೆ ಆ ಯುದ್ಧ ಯಾವ ಮಾತಿನಿಂದ ಹುಟ್ಟಿತು? 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅರಮನೆಯವರು ದತ್ತಕ ತೆಗೆದುಕೊಂಡರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ಒಂದು ಮನೆಯಲ್ಲಿ ಮಗು ಹುಟ್ಟಿತೋ ಇಲ್ಲವೋ, ಯಾರನ್ನು ಮಗನೆನ್ನಬೇಕು ಎಂಬ ಮಾತಿಗೆ ಸರಕಾರ ಕೈಹಾಕಿದ್ದರಿಂದಲೇ ಅಕ್ಟೋಬರ್ 23ರಂದು ಕೋಟೆಯ ಮುಂದೆ ರಕ್ತ ಹರಿಯಿತು. ರಾಣಿ 1829ರಲ್ಲಿ ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದಳು. ಒಡಲಿನ ಮಾತು ಹೊಸ್ತಿಲ ಒಳಗಿನದೇ ಆಗಿದ್ದರೆ ಆಕೆಯ ಸಮಾಧಿ ಇಲ್ಲಿ ಇರುತ್ತಿರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳ ಶಾಲೆಯ ಹಾಜರಿ ಪುಸ್ತಕ ತೆರೆದರೆ ಸಾಕು, ಅಲ್ಲಿಯ ವರ್ಷ ಹೇಗೆ ನಡೆಯುತ್ತದೆಂಬುದು ಗೊತ್ತಾಗುತ್ತದೆ. ಜೂನಿನಲ್ಲಿ ಬಿತ್ತಿಗೆ. ಶ್ರಾವಣದಲ್ಲಿ ಪಂಚಮಿ, ಅಣ್ಣ ಬಂದು ಕರೆದನೆಂದರೆ ತಾಯಿಯ ಸಂಗಡ ಮಕ್ಕಳೂ ತವರಿಗೆ ಹೋದವು. ದೀಪಾವಳಿ ಮುಗಿಯಿತೆಂದರೆ ಕಬ್ಬಿನ ಕಾರಖಾನೆಗಳ ಹೊಗೆ ಏಳುತ್ತದೆ, ಗ್ಯಾಂಗುಗಳು ಹೊರಡುತ್ತವೆ; ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಚಳಿಗಾಲವೆಲ್ಲ ಹತ್ತಿ ಬಿಡಿಸುವ ಕೆಲಸ. ಐದನೆಯ, ಆರನೆಯ ಇಯತ್ತೆಯ ಹೆಣ್ಣುಮಕ್ಕಳು ಕಾಣುವುದಿಲ್ಲ. ನಡುವೆ ಎಲ್ಲಮ್ಮನ ಗುಡ್ಡದ ಜಾತ್ರೆ. ಬೇಸಿಗೆ ಬಂತೆಂದರೆ ಮದುವೆಗಳು. ಎಪ್ರಿಲ್‌ನಲ್ಲಿ “ಹೋಗಿ ಬರ್ತೀನ್ರಿ ಅಕ್ಕಾವರ” ಎಂದು ಹೇಳಿದ ಹುಡುಗಿ ಜೂನಿನಲ್ಲಿ ಬಾರದಿದ್ದರೆ ನಾನು ಕಾರಣ ಕೇಳುವುದನ್ನೇ ಬಿಟ್ಟಿದ್ದೇನೆ. ಕೊರಳಲ್ಲಿ ತಾಳಿ ಬಿದ್ದಿರುತ್ತದೆ.

ಹೆಣ್ಣಿನ ಮೈಗೂ ಋತುವಿಗೂ ಸಂಬಂಧವಿದೆಯೆಂಬುದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೆಂದಲ್ಲ. ಹೊಸ ಮದುವೆಯ ಹುಡುಗಿಯನ್ನು ಆಷಾಢದಲ್ಲಿ ತವರಿಗೆ ಕಳಿಸುತ್ತಿದ್ದರು. ಆಷಾಢದಲ್ಲಿ ಬಸುರಾದರೆ ಚೈತ್ರದ ಕಾದ ಬಿಸಿಲಿನಲ್ಲಿ ಹಡೆಯಬೇಕಾಗುತ್ತದೆ ಎಂಬುದು ಅದಕ್ಕೆ ಹೇಳುತ್ತಿದ್ದ ಕಾರಣಗಳಲ್ಲಿ ಒಂದು. ಸೀಗೆ ಹುಣ್ಣಿಮೆಯ ದಿನ ಪೈರು ತುಂಬಿದ ಹೊಲವನ್ನು ಬಸುರಿಯೆಂದು ಕರೆದು, ಬುತ್ತಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಭೂತಾಯಿಯ ಬಯಕೆ ತೀರಿಸುತ್ತೇವೆ. ಸವದತ್ತಿಯ ಎಲ್ಲಮ್ಮನಿಗೂ ಋತುಗಳಿವೆ. ಹೊಸ್ತಿಲ ಹುಣ್ಣಿಮೆಗೆ ಆಕೆಯ ಬಳೆ ಒಡೆಯುತ್ತವೆ, ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ ಎಂದು ಭಕ್ತರ ನಂಬಿಕೆ. ಭೂಮಿಗೆ, ದೇವಿಗೆ ಇಷ್ಟು ಚಂದಾಗಿ ಕಾಲವನ್ನು ಹಂಚಿಕೊಟ್ಟ ನಾವು, ಕಬ್ಬು ಕಡಿಯುವ ಬಸುರಿಗೆ ಯಾವ ಕಾಲವನ್ನು ಬಿಟ್ಟಿದ್ದೇವೆ ಎಂಬುದು ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗನೊಬ್ಬನ ತಾಯಿ ನನ್ನ ಹತ್ತಿರ ಬಂದು ಕುಳಿತಳು. ಆಕೆಗೆ ಆಗಲೇ ಮೂರು ಮಕ್ಕಳು. ದಸರೆಯಲ್ಲಿ ಮುಟ್ಟಾದದ್ದೇ ಕಡೆಯದು. ದೀಪಾವಳಿಗೆ ಅನುಮಾನ ಬಂದಿತ್ತು. ಆದರೆ ಗಂಡ ಹೆಂಡಿರ ಹೆಸರಿನಲ್ಲಿ ಗ್ಯಾಂಗಿನವನಿಂದ ಮುಂಗಡ ತೆಗೆದುಕೊಂಡಾಗಿತ್ತು, ಅದು ಹಿರಿಯ ಮಗಳ ಲಗ್ನದ ಸಾಲಕ್ಕೆ ಹೋಗಿಯೂ ಬಿಟ್ಟಿತ್ತು. ಟ್ರ್ಯಾಕ್ಟರ್ ಹತ್ತಿದರು. ಹೊಲದ ಬದಿಯ ಗುಡಿಸಲು, ನಸುಕಿನಲ್ಲಿ ಕೆಲಸ, ರಾತ್ರಿ ಗಾಡಿ ಬಂದರೆ ರಾತ್ರಿಯೂ ಹೇರಬೇಕು. ತಿಳಿಯದ ಊರು. ಒಂದು ದಿನ ಬಿಟ್ಟರೆ ಜೋಡಿಯ ಇಬ್ಬರ ಕೂಲಿಯೂ ಹೋಗಿ, ಮೇಲೆ ದಂಡ ಬೀಳುತ್ತದೆ. ಯುಗಾದಿಯ ಹೊತ್ತಿಗೆ ಊರಿಗೆ ಬಂದು, ಪೇಟೆಯ ದವಾಖಾನೆಗೆ ಹೋದರೆ 20 ವಾರ ದಾಟಿದೆಯೆಂದು ಹೇಳಿ ಕಳಿಸಿದರು.

“ಇಷ್ಟ ತಡಾ ಮಾಡಿ ಯಾಕ ಬಂದಿ ಅಂತ ಬೈದ್ರು ಅಕ್ಕಾವರ. ನಾ ತಡಾ ಎಲ್ಲಿ ಮಾಡೇನ್ರಿ? ಗ್ಯಾಂಗ ಬಿಟ್ಟ ಮರುದಿನಾನ ಹೋಗೇನಿ” ಎಂದಳು.

ಆಕೆಯ ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಡಾಕ್ಟರರ ಲೆಕ್ಕದಲ್ಲಿ ಐದು ತಿಂಗಳು ತಡ. ಆಕೆಯ ಲೆಕ್ಕದಲ್ಲಿ ಒಂದು ದಿನವೂ ತಡವಿಲ್ಲ. ತನ್ನದೆಂದು ಸಿಕ್ಕ ಮೊದಲ ದಿನವೇ ಹೋಗಿದ್ದಾಳೆ. ಹಾಗಾದರೆ ಆ ಐದು ತಿಂಗಳು ಯಾರವು?

ಕಾನೂನು ಏನು ಹೇಳುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಊರುಗಳಲ್ಲಿ ಕಲಿತ ಹೆಣ್ಣುಮಕ್ಕಳಿಗೂ ಇದು ಸರಿಯಾಗಿ ಗೊತ್ತಿಲ್ಲ. ಇಂಗ್ಲಿಷರು 1860ರಲ್ಲಿ ಮಾಡಿದ ದಂಡಸಂಹಿತೆಯಲ್ಲಿ ತಾಯಿಯ ಜೀವ ಉಳಿಸುವುದಕ್ಕಲ್ಲದೆ ಗರ್ಭ ತೆಗೆಯುವುದು ಅಪರಾಧವಾಗಿತ್ತು. 1971ರಲ್ಲಿ ನಮ್ಮ ಪಾರ್ಲಿಮೆಂಟು ಹೊಸ ಕಾಯ್ದೆ ಮಾಡಿತು. ಹೆಂಗಸಿನ ಜೀವಕ್ಕೆ ಅಥವಾ ಮೈಮನಸ್ಸಿನ ಆರೋಗ್ಯಕ್ಕೆ ಧಕ್ಕೆಯಿದ್ದರೆ, ಬಲಾತ್ಕಾರದಿಂದ ಬಸುರಾಗಿದ್ದರೆ, ಕುಟುಂಬ ಯೋಜನೆಯ ಸಾಧನ ವಿಫಲವಾಗಿದ್ದರೆ, ಮಗುವಿಗೆ ಗಂಭೀರ ದೋಷವಿದ್ದರೆ 20 ವಾರದವರೆಗೆ ತೆಗೆಸಲು ಅವಕಾಶವಾಯಿತು. 2021ರ ತಿದ್ದುಪಡಿಯ ಮೇಲೆ 20 ವಾರದವರೆಗೆ ಒಬ್ಬ ಡಾಕ್ಟರರ ಅಭಿಪ್ರಾಯ ಸಾಕು. ಕೆಲವು ವರ್ಗದ ಹೆಂಗಸರಿಗೆ ಇಬ್ಬರು ಡಾಕ್ಟರರ ಒಪ್ಪಿಗೆಯಿಂದ 24 ವಾರದವರೆಗೂ ಅವಕಾಶವಿದೆ. ಪ್ರಾಯಕ್ಕೆ ಬಂದ ಹೆಂಗಸಿಗೆ ಗಂಡನ ಸಹಿ ಬೇಕಾಗಿಲ್ಲ. ಆಕೆಯ ಹೆಸರನ್ನು ಗುಟ್ಟಾಗಿ ಇಡಬೇಕು. ಮದುವೆಯಾಗದವಳಿಗೂ ಈ ಹಕ್ಕಿನಲ್ಲಿ ಭೇದವಿಲ್ಲವೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು.

ಆ 24 ವಾರದ ವರ್ಗಗಳ ಪಟ್ಟಿಯನ್ನು ನಾನು ಎರಡು ಸಲ ಓದಿದ್ದೇನೆ. ಅತ್ಯಾಚಾರಕ್ಕೆ ಒಳಗಾದವರು, ಪ್ರಾಯಕ್ಕೆ ಬಾರದ ಹುಡುಗಿಯರು, ಬಸುರಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನವಾದವರು, ಅಂಗವೈಕಲ್ಯವಿರುವವರು ಇದ್ದಾರೆ. ಸರಕಾರ ಘೋಷಿಸಿದ ವಿಪತ್ತಿನಲ್ಲಿ ಸಿಕ್ಕಿದವರೂ ಇದ್ದಾರೆ. ಇದು ಒಳ್ಳೆಯದೇ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದು ನವಿಲುತೀರ್ಥದ ಕೆಳಗೆ ರಾಮದುರ್ಗದ ಕಡೆಯ ಹಳ್ಳಿಗಳು ನೀರಿನಲ್ಲಿ ನಿಂತಾಗ, ಹೆಂಗಸರು ಶಾಲೆಯ ಕೋಣೆಗಳಲ್ಲಿ ದಿನ ಕಳೆದದ್ದು ನಮಗೆಲ್ಲ ನೆನಪಿದೆ. ಅಂಥ ಹೊತ್ತಿನಲ್ಲಿ ದವಾಖಾನೆಗೆ ಹೋಗಲಾಗುವುದಿಲ್ಲ ಎಂಬುದನ್ನು ಕಾನೂನು ಈಗ ಅರಿತಿದೆ. ಆದರೆ ನೆರೆ ಎಂದೋ ಒಮ್ಮೆ ಬರುತ್ತದೆ. ಕಬ್ಬಿನ ಹಂಗಾಮು ವರ್ಷವರ್ಷವೂ ಬರುತ್ತದೆ. ನೀರು ತಡೆದರೆ ಅದು ವಿಪತ್ತು, ಮುಂಗಡದ ಸಾಲ ತಡೆದರೆ ಅದು ಹೆಂಗಸಿನ ಅಲಕ್ಷ್ಯ. ಹೀಗೆ ಭಾಗ ಮಾಡುವುದರಲ್ಲಿ ನ್ಯಾಯವಿದೆಯೆ? ಕಾನೂನಿನಲ್ಲಿ ಇನ್ನೊಂದು ವರ್ಗ ಸೇರಿಸಿದರೆ ಮುಗಿಯಿತೆಂದು ನಾನು ಹೇಳುತ್ತಿಲ್ಲ. ನೋಡಬೇಕಾದದ್ದು ಆ ಬೈಗುಳವನ್ನು. ತಡಕ್ಕೆ ಕಾರಣ ಹೊಳೆಯಾದರೆ ಅಯ್ಯೋ ಎನ್ನುತ್ತೇವೆ, ಕೂಲಿಯಾದರೆ ಬೈಯುತ್ತೇವೆ.

ಕಬ್ಬಿನ ಕೆಲಸ ಹೆಣ್ಣಿನ ಒಡಲನ್ನು ಎಲ್ಲಿಯ ತನಕ ಕೊಂಡೊಯ್ಯಬಲ್ಲದೆಂಬುದಕ್ಕೆ ದೂರ ಹೋಗಬೇಕಿಲ್ಲ. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಬ್ಬು ಕಡಿಯುವವರು ನಮ್ಮ ಬೆಳಗಾವಿ ಜಿಲ್ಲೆಗೂ ಬರುತ್ತಾರೆ. ಅಲ್ಲಿ ಗಂಡ ಹೆಂಡಿರ ಜೋಡಿಗೆ ‘ಕೊಯತಾ’ ಎನ್ನುತ್ತಾರೆ. ಕೊಯತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರು ಸೇರಿ ಒಂದು ಕುಡುಗೋಲು. ಆ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಳ್ಳುತ್ತಿದ್ದಾರೆಂಬ ಸುದ್ದಿ 2019ರಲ್ಲಿ ಬಂದಾಗ ಅಲ್ಲಿನ ಸರಕಾರ ಸಮಿತಿ ನೇಮಿಸಿತು. ವಿಚಾರಿಸಿದ 82,309 ಹೆಂಗಸರಲ್ಲಿ 13,861 ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಆರರಲ್ಲಿ ಒಬ್ಬಳು. ಮುಟ್ಟಿನ ನೋವು, ಬಿಳಿ ಸೆರಗು, ಕೆಲಸ ತಪ್ಪುವ ದಿನ, ದಂಡದ ಅಂಜಿಕೆ ಎಲ್ಲ ಸೇರಿ, ತಿಂಗಳ ಲೆಕ್ಕವೇ ಬೇಡ, ಕೋಶವನ್ನೇ ತೆಗೆದುಬಿಡಿ ಎನ್ನುವ ತನಕ ಬಂದಿದೆ. ಹಂಗಾಮಿಗೆ ಹೊಂದಿಕೊಳ್ಳಲು ಹೆಣ್ಣು ತನ್ನ ಮೈಯನ್ನೇ ಕತ್ತರಿಸಿಕೊಟ್ಟಳು. ಹಂಗಾಮು ಮಾತ್ರ ಆಕೆಗಾಗಿ ಒಂದು ದಿನ ಸರಿಯಲಿಲ್ಲ.

ವಿಜ್ಞಾನಿಗಳೂ ಈ ಋತುಗಳ ಪರಿಣಾಮವನ್ನು ಅಳೆದು ನೋಡಿದ್ದಾರೆ. ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ 1993ರಿಂದ ಬಸುರಿಯರ ಊಟ, ದುಡಿತ ಎಲ್ಲವನ್ನೂ ಬರೆದಿಟ್ಟು ಸಂಶೋಧನೆ ಮಾಡಿದರು. ಹೊಲ, ನೀರು, ಮನೆ ಎಂದು ಹೆಚ್ಚು ದುಡಿದ ತಾಯಂದಿರ ಕೂಸುಗಳು ತೂಕದಲ್ಲಿ ಕಡಿಮೆಯಿದ್ದವು. ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ ಮಳೆಗಾಲವೇ ಹಸಿವಿನ ಕಾಲ. ಕಣಜ ಬರಿದಾಗಿರುತ್ತದೆ, ಹೊಲದ ಕೆಲಸ ತುಂಬಿರುತ್ತದೆ. ಅಲ್ಲಿಯ ಬಸುರಿಯರಿಗೆ ಶೇಂಗಾ ಹಾಕಿದ ಬಿಸ್ಕೀಟು ಕೊಟ್ಟು ನೋಡಿದರು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹಸಿವಿನ ಕಾಲದ ಕೂಸುಗಳ ತೂಕ ಸರಾಸರಿ 201 ಗ್ರಾಂ ಏರಿತು, ಸುಗ್ಗಿಯ ಕಾಲದವುಗಳದ್ದು 94 ಗ್ರಾಂ. ಅದೇ ಬಿಸ್ಕೀಟು, ಅದೇ ತಾಯಂದಿರು. ಕಾಲ ಬೇರೆಯಾದ್ದರಿಂದ ಫಲ ಬೇರೆ. ಸಹಾಯ ಮಾಡುವುದಾದರೆ ಯಾವ ತಿಂಗಳಲ್ಲಿ ಮಾಡುತ್ತೀರೆಂಬುದೂ ಮುಖ್ಯ ಎಂಬುದು ಇದರಿಂದ ತಿಳಿಯುವ ಪಾಠ.

ನಮ್ಮ ಜಿಲ್ಲೆಯ ಒಂದು ಸಂಶೋಧನೆಯನ್ನೂ ಹೇಳಲೇಬೇಕು. ಹಡೆದ ಮೇಲೆ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸುವುದು ಹೇಗೆಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರ ತನಕ 1,620 ಹೆಂಗಸರ ಮೇಲೆ ಪರೀಕ್ಷೆ ನಡೆಯಿತು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ. ಅದನ್ನು ಕೊಟ್ಟವರು ದೊಡ್ಡ ಡಾಕ್ಟರರಲ್ಲ, ನಮ್ಮ ಹಳ್ಳಿಗಳ ನರ್ಸಬಾಯಿಯರು; ಮನೆಯಲ್ಲಿ ಮತ್ತು ಉಪಕೇಂದ್ರಗಳಲ್ಲಿ. ಅತಿಯಾಗಿ ರಕ್ತ ಹೋಗುವವರ ಪ್ರಮಾಣ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾಗಿ ಜಗತ್ತೆಲ್ಲ ಓದಿತು. ನನಗೆ ಇದರಲ್ಲಿ ಮಾತ್ರೆಗಿಂತ ಹೆಚ್ಚು ಮುಖ್ಯವೆನಿಸಿದ್ದು ಬೇರೆ. ಹೆಂಗಸು ದವಾಖಾನೆಗೆ ಬರಲಿ ಎಂದು ಕಾಯದೆ, ಆಕೆ ಇದ್ದಲ್ಲಿಗೇ ಆರೈಕೆ ಹೋಯಿತು. ಅದು ಸಾಧ್ಯವೆಂದು ನಮ್ಮ ಹಳ್ಳಿಗಳೇ ತೋರಿಸಿಕೊಟ್ಟವು.

ಅದೇ ಮಾತ್ರೆಯನ್ನು ಇನ್ನೊಂದರ ಜೊತೆಗೆ ಸೇರಿಸಿ, ಡಾಕ್ಟರರ ಚೀಟಿಯ ಮೇಲೆ, 9 ವಾರದ ಒಳಗಿನ ಗರ್ಭ ತೆಗೆಯಲೂ ಕೊಡುತ್ತಾರೆ. 2015ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವೆಂದೂ, ಅವುಗಳಲ್ಲಿ ನೂರಕ್ಕೆ 73ರಷ್ಟು ದವಾಖಾನೆಯ ಹೊರಗೆ ಮಾತ್ರೆಯಿಂದ ಆದವೆಂದೂ ಸಂಶೋಧಕರು ಅಂದಾಜು ಮಾಡಿದ್ದಾರೆ. ಅಂದರೆ ನಾವು ದನಿ ತಗ್ಗಿಸಿ ಆಡುವ ಈ ಮಾತು ಯಾರೋ ಕೆಲವರದ್ದಲ್ಲ, ಓಣಿ ಓಣಿಯದು. 7ನೆಯ ವಾರದಲ್ಲಿ ಡಾಕ್ಟರರು ಬರೆದುಕೊಟ್ಟ ಮಾತ್ರೆಯಿಂದ ಮುಗಿಯುವ ಕೆಲಸ, 15ನೆಯ ವಾರದಲ್ಲಿ ದವಾಖಾನೆಯ ಮೇಜನ್ನು ಬೇಡುತ್ತದೆ. 22ನೆಯ ವಾರದಲ್ಲಿ ಬಹಳ ಮಂದಿಗೆ ಬಾಗಿಲೇ ಮುಚ್ಚಿರುತ್ತದೆ. ಮುಚ್ಚಿದ ಬಾಗಿಲಿನ ಮುಂದೆ ನಿಂತವಳನ್ನು ಹಿಂದಿನ ಓಣಿಯವರು ಕರೆಯುತ್ತಾರೆ. 2024ರ ಜೂನ್‌ನಲ್ಲಿ ಕಿತ್ತೂರಿನ ಹತ್ತಿರ, ಡಾಕ್ಟರನಲ್ಲದೆ ಡಾಕ್ಟರಕಿ ಮಾಡುತ್ತಿದ್ದನೆಂಬ ಆರೋಪದ ಮನುಷ್ಯನ ತೋಟದಲ್ಲಿ ಹೂತಿದ್ದ ಭ್ರೂಣಗಳನ್ನು ಅಧಿಕಾರಿಗಳು ತೆಗೆಸಿದರೆಂದು ಪತ್ರಿಕೆಗಳಲ್ಲಿ ಓದಿದೆವು. ಅಲ್ಲಿಗೆ ಹೋದ ಹೆಂಗಸರು ಯಾರು, ಮೊದಲು ಯಾವ ಬಾಗಿಲು ಬಡಿದು ಬಂದಿದ್ದರು ಎಂದು ಯಾರೂ ಕೇಳಲಿಲ್ಲ.

ತಡದ ಮಾತು ಬಡವರಿಗಷ್ಟೇ ಸೇರಿದ್ದಲ್ಲ. ಸವಿತಾ ಹಾಲಪ್ಪನವರ ನಮ್ಮ ಬೆಳಗಾವಿಯಲ್ಲಿ ಕಲಿತು ಹಲ್ಲಿನ ಡಾಕ್ಟರಾದ ಹೆಣ್ಣುಮಗಳು; ಗಂಡನ ಸಂಗಡ ಐರ್ಲಂಡ್ ದೇಶದಲ್ಲಿದ್ದಳು. ಬಯಸಿ ಬಂದ ಬಸಿರು. 2012ರ ಅಕ್ಟೋಬರ್ 21ರಂದು, 17 ವಾರವಿದ್ದಾಗ, ಗರ್ಭ ನಿಲ್ಲದೆಂದು ತಿಳಿದು ಆಸ್ಪತ್ರೆ ಸೇರಿದಳು. ತೆಗೆದುಬಿಡಿರೆಂದು ಕೇಳಿಕೊಂಡರೂ ಕೂಸಿನ ಎದೆಬಡಿತ ಇನ್ನೂ ಇದೆಯೆಂದು ಕಾಯಿಸಿದರು. ನಂಜು ಏರಿ 28ರಂದು ತೀರಿಕೊಂಡಳು. ವಯಸ್ಸು 31. ಆಕೆಗೆ ಹಣವಿತ್ತು, ವಿದ್ಯೆಯಿತ್ತು, ಪಕ್ಕದಲ್ಲಿ ಗಂಡನಿದ್ದ, ಸುತ್ತಲೂ ಡಾಕ್ಟರರಿದ್ದರು. ಇಲ್ಲದ್ದು ಒಂದೇ, ಸರಿಯಾದ ಹೊತ್ತು. ಆ ಹೊತ್ತು ಆಕೆಯ ಕೈಯಲ್ಲಿರಲಿಲ್ಲ, ಕಾನೂನಿನ ಕೈಯಲ್ಲಿತ್ತು. 2018ರ ಮೇ 25ರಂದು ಅಲ್ಲಿಯ ಜನ ನೂರಕ್ಕೆ 66ರಷ್ಟು ಮತ ಹಾಕಿ ಸಂವಿಧಾನದ ಆ ಕಟ್ಟನ್ನು ತೆಗೆದರು. ಬೆಳಗಾವಿಯ ಮಗಳೊಬ್ಬಳ ಹೆಸರು ಆ ದೇಶದ ಗೋಡೆಗಳ ಮೇಲೆ ಕಾಣಿಸಿತು. ಇಲ್ಲಿ ಆ ಹೆಸರನ್ನು ಎಷ್ಟು ಜನ ಹೆಣ್ಣುಮಕ್ಕಳಿಗೆ ಹೇಳಿದ್ದೇವೆ?

ಈಗ ನನ್ನ ಗೆಳತಿಯೊಬ್ಬಳ ಮಾತು ಹೇಳುತ್ತೇನೆ. ಆಕೆಯೂ ಶಿಕ್ಷಕಿ, ಶರಣರ ಮಾತನ್ನು ಬದುಕಿನಲ್ಲಿ ನಡೆಸುವವಳು. “ಹೊಟ್ಯಾಗಿನ ಜೀವಾ ತಾನ ಮಾತಾಡೂದಿಲ್ಲ, ಅದರ ಪರ ಯಾರರ ಮಾತಾಡಬೇಕಲ್ಲ?” ಎನ್ನುತ್ತಾಳೆ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವವಳಲ್ಲ. ಎರಡು ಹಡೆದವಳು ನಾನು. ಒಳಗೆ ಹೊರಳಿದ ಜೀವ ಏನೆಂಬುದು ಗೊತ್ತಿದೆ. ಐದನೆಯ ತಿಂಗಳದ್ದೂ ಐದನೆಯ ವಾರದ್ದೂ ಒಂದೇ ಎಂದು ನನಗೆ ಅನ್ನಿಸುವುದಿಲ್ಲ. ದಿನ ಕಳೆದಂತೆ ಆ ಜೀವದ ಭಾರ ನಮ್ಮ ಮನಸ್ಸಿನಲ್ಲಿ ಏರುತ್ತದೆ. ಕಾನೂನು ವಾರ ಎಣಿಸುವುದೂ ಒಂದು ರೀತಿಯಲ್ಲಿ ಇದನ್ನೇ ಒಪ್ಪಿದಂತೆ.

ಆದರೆ ಹಾಗಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕಲ್ಲವೆ? ದಿನ ಕಳೆದಷ್ಟು ಭಾರ ಏರುವುದು ನಿಜವಾದರೆ, ಹೆಂಗಸು ಬೇಗ ಬರುವಂತೆ ಮಾಡುವುದರಲ್ಲಿ ನನಗಿಂತ ನನ್ನ ಗೆಳತಿಗೇ ಹೆಚ್ಚು ಆಸ್ಥೆ ಇರಬೇಕು. ಆಕೆಗೆ ಆ ಜೀವದ ಚಿಂತೆ, ನನಗೆ ಆ ತಾಯಿಯ ಚಿಂತೆ. ಎರಡೂ ಚಿಂತೆಗಳಿಗೆ ತಡವೇ ವೈರಿ. ಬೇಗ ಬಂದವಳಿಗೆ ವಿಚಾರ ಮಾಡಲೂ ಹೊತ್ತಿರುತ್ತದೆ. ಇಟ್ಟುಕೊಳ್ಳಬೇಕೋ ಬೇಡವೋ ಎಂದು ತಾಯಿಯನ್ನು ಕೇಳಬಹುದು, ಗಂಡನ ಸಂಗಡ ಮಾತಾಡಬಹುದು, ಬೇಕೆನಿಸಿದರೆ ಗುಳಿಗೆ ಟಾನಿಕ್ಕು ತೆಗೆದುಕೊಂಡು ಭಾರದ ಕೆಲಸ ಬಿಡಬಹುದು. ತಡವಾಗಿ ಬಂದವಳಿಗೆ ವಿಚಾರವೇ ಇಲ್ಲ. ಇಲ್ಲವೆಂಬ ಉತ್ತರ, ಇಲ್ಲವೆ ಹಿಂದಿನ ಓಣಿ. ಪಾಪಪುಣ್ಯದ ಮಾತು ಆಡಬೇಕಾದರೆ ಮೊದಲು ಆಯ್ಕೆ ಇರಬೇಕು. ಆಯ್ಕೆಗೆ ಮೊದಲು ಹೊತ್ತು ಇರಬೇಕು. ಹೊತ್ತನ್ನು ಕಸಿದುಕೊಂಡು ಆಮೇಲೆ ನೀತಿ ಕೇಳುವುದು ನೀತಿಯಲ್ಲ.

ಬೇಕೆಂತಲೇ ತಡವಾಗಿ ಬರುವವರೂ ಇದ್ದಾರೆ, ಅದನ್ನು ಮರೆಸಬಾರದು. ಹೆಣ್ಣೋ ಗಂಡೋ ಎಂದು ಕದ್ದು ನೋಡಿಸಿ, ಹೆಣ್ಣೆಂದರೆ ತೆಗೆಸುವವರು. 1994ರ ಕಾಯ್ದೆ ಲಿಂಗ ಪತ್ತೆಯನ್ನು ನಿಷೇಧಿಸಿದೆ. ಆದರೂ 2023ರಲ್ಲಿ ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಈ ದಂಧೆ ನಡೆದದ್ದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣುಕೂಸಿನ ಲೆಕ್ಕ ಮುಗಿಸುತ್ತಿದ್ದರು. ಅದನ್ನು ಬಿಗಿಯಾಗಿ ತಡೆಯಲೇಬೇಕು. ಆದರೆ ಅಂಥ ಪ್ರಕರಣ ಬಯಲಾದಾಗಲೆಲ್ಲ ನಾಲ್ಕನೆಯ ತಿಂಗಳಲ್ಲಿ ಬಂದ ಪ್ರತಿಯೊಬ್ಬ ಹೆಂಗಸನ್ನೂ ಡಾಕ್ಟರರು ಅನುಮಾನದಿಂದ ನೋಡತೊಡಗುತ್ತಾರೆ. ಕಬ್ಬಿನ ಹೊಲದಿಂದ ಬಂದವಳೂ, ಆಲೆಮನೆಯಿಂದ ಬಂದವಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಬ್ಬಳದು ಕಾಯ್ದು ಮಾಡಿದ ತಡ, ಇನ್ನೊಬ್ಬಳದು ಕಾಯಿಸಲ್ಪಟ್ಟ ತಡ. ಈ ಎರಡನ್ನೂ ಬೇರೆ ಮಾಡಿ ನೋಡಲು ಆಕೆ ಇಷ್ಟು ದಿನ ಎಲ್ಲಿದ್ದಳು ಎಂದು ಕೇಳಬೇಕು, ಮತ್ತು ಆಕೆಯ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವ ಸಹನೆ ಬೇಕು.

ಮೇಲೆ ಹೇಳಿದ ಆ ತಾಯಿ ಕಡೆಗೆ ಏನು ಮಾಡಿದಳೆಂದು ನೀವು ಕೇಳಬಹುದು. ಹಡೆದಳು. ಆಷಾಢದ ಮಳೆಯಲ್ಲಿ ಹೆಣ್ಣು ಹುಟ್ಟಿತು. ಆಕೆ ಆ ಮಗಳನ್ನು ಮೊದಲಿನ ಮೂವರಿಗಿಂತ ಹೆಚ್ಚಾಗಿ ಎದೆಗೆ ಅವಚಿಕೊಂಡು ಬೆಳೆಸಿದ್ದನ್ನು ನಾನು ಕಂಡಿದ್ದೇನೆ. “ನೋಡ್ರಿ, ಆಗಿದ್ದು ಒಳ್ಳೇದs ಆತು” ಎಂದು ನನ್ನ ಗೆಳತಿ ಹೇಳಿದಳು. ಆ ಮಗುವಿನ ನಗು ನೋಡಿದರೆ ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ತಾಯಿ ಮಗುವನ್ನು ಪ್ರೀತಿಸಿದ್ದು ತಾಯಿಯ ದೊಡ್ಡತನ. ಆಕೆಯನ್ನು ಐದು ತಿಂಗಳು ಕಟ್ಟಿಹಾಕಿದವರ ದೊಡ್ಡತನವಲ್ಲ. ಬರಗಾಲದಲ್ಲಿ ಬದುಕಿ ಉಳಿದವನನ್ನು ತೋರಿಸಿ ಬರಗಾಲವನ್ನು ಹೊಗಳಲಾಗುವುದಿಲ್ಲ. ಮರುವರ್ಷ ದೀಪಾವಳಿಗೆ ಆಕೆ ಆ ಕೂಸನ್ನು ಸೀರೆಯ ಜೋಳಿಗೆಯಲ್ಲಿ ಹಾಕಿಕೊಂಡು ಮತ್ತೆ ಅದೇ ಟ್ರ್ಯಾಕ್ಟರ್ ಹತ್ತಿದಳು. ಮುಂಗಡ ಇನ್ನೂ ತೀರಿರಲಿಲ್ಲ.

ಹಾಗಾದರೆ ಏನು ಮಾಡಬಹುದು? ದೊಡ್ಡ ಮಾತು ಬೇಡ. ಆಶಾ ಕಾರ್ಯಕರ್ತೆಯರ ಹತ್ತಿರ ಬಸಿರು ಪರೀಕ್ಷಿಸುವ ‘ನಿಶ್ಚಯ’ ಕಿಟ್ ಪುಕ್ಕಟೆ ಸಿಗುತ್ತದೆ. ಗ್ಯಾಂಗುಗಳು ಹೊರಡುವ ಮೊದಲು, ಸೀಗೆ ಹುಣ್ಣಿಮೆ ದೀಪಾವಳಿಗಳ ನಡುವೆ, ಅದನ್ನು ಮನೆಮನೆಗೆ ಮುಟ್ಟಿಸಬಹುದು. ನಿರೋಧ, ಗುಳಿಗೆ, ಇಂಜೆಕ್ಷನ್ನುಗಳ ಮಾತನ್ನೂ ಆಗಲೇ ಹೇಳಬಹುದು. ಕುಟುಂಬ ಯೋಜನೆಯ ಆಪರೇಶನ್ ಬಗ್ಗೆ ಚಳಿಗಾಲದಲ್ಲಿ, ಮಾರ್ಚಿನ ಲೆಕ್ಕ ಮುಗಿಯುವ ಮೊದಲು, ಅಷ್ಟು ಆಸ್ಥೆ ತೋರಿಸುವ ನಮ್ಮ ವ್ಯವಸ್ಥೆ, ಕಬ್ಬಿನ ಗುಡಿಸಲುಗಳಿಗೆ ತಿಂಗಳಿಗೊಮ್ಮೆ ನರ್ಸಬಾಯಿಯನ್ನು ಕಳಿಸಲಾರದೆ? ಕಾರಖಾನೆಯವರು ಕಬ್ಬಿನ ಗಾಡಿಗೆ ತಾರೀಖು ಹಾಕಿ ಚೀಟಿ ಕೊಡುತ್ತಾರೆ. ಕಡಿಯುವವಳಿಗೆ ದವಾಖಾನೆಗೆ ಹೋಗಲು ದಂಡವಿಲ್ಲದ ಒಂದು ದಿನದ ಚೀಟಿ ಕೊಡಿಸುವುದು ಅಸಾಧ್ಯವೇನಲ್ಲ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಗಳು ತಾಯಿಯ ಮುಂದೆ ಬಾಯಿಬಿಡುತ್ತಾಳೆ. ಉಂಡಿ, ಜೋಕಾಲಿಗಳ ನಡುವೆ “ಮುಟ್ಟು ಸರಿ ಅದನಿಲ್ಲ?” ಎಂದು ಒಂದು ಮಾತು ಕೇಳುವುದನ್ನು ತಾಯಂದಿರು, ಅತ್ತಿಗೆಯರು ರೂಢಿ ಮಾಡಿಕೊಳ್ಳಬಹುದು.

ಶಿಕ್ಷಕಿಯಾಗಿ ನನ್ನ ಪಾಲಿನ ಕೆಲಸ ಸಣ್ಣದು. ಎಂಟನೆಯ ಇಯತ್ತೆಯ ಹುಡುಗಿಯರಿಗೆ ನಾನು ಕ್ಯಾಲೆಂಡರ್ ತಂದು ಮುಟ್ಟಿನ ಮೊದಲ ದಿನಕ್ಕೆ ಗುರುತು ಹಾಕುವುದನ್ನು ಕಲಿಸುತ್ತೇನೆ. ಅಲ್ಲಿಂದ ವಾರ ಎಣಿಸುವುದು ಹೇಗೆಂದು ಹೇಳುತ್ತೇನೆ. ಹಬ್ಬದ ಲೆಕ್ಕ ಬಿಡಬೇಡಿ, ಅದರ ಪಕ್ಕದಲ್ಲಿ ಈ ಲೆಕ್ಕವೂ ಇರಲಿ ಎನ್ನುತ್ತೇನೆ. ಮೊದಮೊದಲು ಮುಖ ಮುಚ್ಚಿಕೊಂಡು ನಗುತ್ತಾರೆ. ನಾಲ್ಕು ದಿನದ ಮೇಲೆ ಯಾವಳೋ ಒಬ್ಬಳು ಬಂದು ತನ್ನ ಅಕ್ಕನ ವಿಷಯ ಕೇಳುತ್ತಾಳೆ.

ನನಗೆ ಅನ್ನಿಸುವುದಿಷ್ಟೆ. ಗರ್ಭಪಾತ ಸರಿಯೋ ತಪ್ಪೋ ಎಂಬ ವಾದ ಮುಂದೆಯೂ ನಡೆಯುತ್ತದೆ, ನಡೆಯಲಿ. ಮನುಷ್ಯರು ಜೀವದ ಬಗ್ಗೆ ವಾದ ಮಾಡುವುದು ಒಳ್ಳೆಯ ಲಕ್ಷಣವೇ. ಆದರೆ ಕಷ್ಟದಲ್ಲಿ ಎದುರು ಬಂದು ನಿಂತ ಹೆಣ್ಣುಮಗಳಿಗೆ ನಾವು ಕೇಳುವ ಮೊದಲ ಮಾತು “ಯಾಕ ತಡಾ ಮಾಡಿದಿ?” ಎಂದಾಗಬಾರದು. “ತಂಗಿ, ನಿನಗ ಬಿಡುವು ಯಾವಾಗ ಸಿಕ್ಕಿತು?” ಎಂದಾಗಬೇಕು. ಮೊದಲನೆಯ ಪ್ರಶ್ನೆಗೆ ಆಕೆ ತಲೆ ತಗ್ಗಿಸುತ್ತಾಳೆ. ಎರಡನೆಯದಕ್ಕೆ ಉತ್ತರ ಹೇಳುತ್ತಾಳೆ, ಮತ್ತು ಆ ಉತ್ತರದಲ್ಲಿ ನಮ್ಮ ಸಕ್ಕರೆ, ನಮ್ಮ ಅರಿವೆ, ನಮ್ಮ ಲಗ್ನದ ಖರ್ಚು, ನಮ್ಮ ಸಾಲ ಎಲ್ಲವೂ ಬರುತ್ತವೆ. ಕೇಳಿಸಿಕೊಳ್ಳಲು ಕಷ್ಟ. ಆದರೂ ಕೇಳಿಸಿಕೊಳ್ಳಬೇಕು.